ಕೋಲು ನಾಯಿಗೆ ಏನು ಕಲಿಸುತ್ತದೆ?

ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಸತ್ರಯಾಗ ನಡೆಯುತ್ತಿರುವಲ್ಲಿಗೆ ಒಂದು ನಾಯಿ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅಳುತ್ತ ಬಂದ ಮಗನಿಗೆ ತಾಯಿ ಸರಮೆ, ನೀನೇ ಏನೋ ತಪ್ಪು ಮಾಡಿರಬೇಕು ಎನ್ನುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ನೋಡಲೂ ಇಲ್ಲ ಎಂದು ಅವನು ಹೇಳಿದ ಮೇಲೆ ಯಾಗಶಾಲೆಗೇ ಹೋಗಿ, ಏತಕ್ಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಲ್ಲಿದ್ದ ಯಾರೂ ಉತ್ತರ ಕೊಡುವುದಿಲ್ಲ. ನಾಯಿಯನ್ನು ತಿದ್ದುವ ಚರ್ಚೆ ಎದ್ದಾಗಲೆಲ್ಲ ನಾವು ಕರುಣೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇವೆ. ಸರಮೆಯ ಪ್ರಶ್ನೆ ಅದಕ್ಕೂ ಹಿಂದಿನದು. ಏಟು ಏತಕ್ಕೆ ಬಿತ್ತೆಂದು ಏಟು ತಿಂದ ನಾಯಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಅದನ್ನು ಶಿಕ್ಷೆ ಎನ್ನಲು ಬರುವುದಿಲ್ಲ. ಮನೆಗಳಲ್ಲಿ ನಾಯಿಗೆ ಸಿಗುವ ಶಿಕ್ಷೆಯಲ್ಲಿ ಬಹುಪಾಲು ಅದಕ್ಕೆ ಅರ್ಥವಾಗುವುದಿಲ್ಲ. ಅರ್ಥವಾದಾಗಲೂ ಅದು ಕಲಿಯುವ ಪಾಠ ನಾವು ಕಲಿಸಹೊರಟದ್ದಲ್ಲ. ಈ ಉಪನ್ಯಾಸದಲ್ಲಿ ನಾನು ಮಂಡಿಸುವ ವಾದ ಇಷ್ಟೇ.

ಮೊದಲು ಹೊತ್ತಿನ ಸಂಗತಿ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಅಗುಳಿ ಹಾಕಿದ ಪೆಟ್ಟಿಗೆಗಳಲ್ಲಿ ಕೂಡಿ, ಅವು ಹೊರಬರುವುದನ್ನು ಹೇಗೆ ಕಲಿಯುತ್ತವೆಂದು ನೋಡಿದ ದಿನದಿಂದ ಒಂದು ಮಾತು ಸ್ಥಿರವಾಗಿ ನಿಂತಿದೆ: ಮಾಡಿದ ಕೆಲಸದ ಬೆನ್ನಿಗೇ ಬರುವ ಫಲ ಪ್ರಾಣಿಯ ನಡತೆಯನ್ನು ರೂಪಿಸುತ್ತದೆ. ಮರಿ ಮಧ್ಯಾಹ್ನ ಚಪ್ಪಲಿ ಕಡಿದು ಹಾಕಿದೆ, ಯಜಮಾನ ಸಂಜೆ ಬಂದು ಬಾರಿಸುತ್ತಾನೆ. ಮರಿಯ ಮಟ್ಟಿಗೆ ಆ ಏಟು ಚಪ್ಪಲಿಗೆ ಸೇರಿದ್ದಲ್ಲ, ಆಗತಾನೇ ಬಾಗಿಲು ತೆಗೆದು ಒಳಬಂದ ಯಜಮಾನನಿಗೆ ಸೇರಿದ್ದು. 'ಇಲ್ಲ, ಅದಕ್ಕೆ ಎಲ್ಲಾ ಗೊತ್ತು, ಮುಖ ನೋಡಿದರೇ ತಿಳಿಯುತ್ತದೆ' ಎನ್ನುವವರಿದ್ದಾರೆ. ಕಿವಿ ಹಿಂದಕ್ಕೆ ಅಂಟಿಕೊಂಡಿರುತ್ತದೆ, ಬಾಲ ಹೊಟ್ಟೆಯಡಿ ಸೇರಿರುತ್ತದೆ, ನೋಟ ತಪ್ಪಿಸಿ ತುಟಿ ನೆಕ್ಕಿಕೊಳ್ಳುತ್ತಿರುತ್ತದೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಈ ಮುಖವನ್ನೇ ಪರೀಕ್ಷೆಗೆ ಒಡ್ಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದಿಟ್ಟ ತಿಂಡಿಯನ್ನು ತಿನ್ನಬೇಡ ಎಂದು ನಾಯಿಗೆ ಹೇಳಿ ಯಜಮಾನರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂದು ಅವರಿಗೆ ಹೇಳಲಾಗುತ್ತಿದ್ದ ಸುದ್ದಿ ಎಷ್ಟೋ ಸಲ ಸುಳ್ಳಾಗಿರುತ್ತಿತ್ತು. ಆ ತಪ್ಪಿತಸ್ಥ ಮುಖ ಕಂಡದ್ದು ಬೈಸಿಕೊಂಡಾಗ. ನಾಯಿ ತಿಂದಿತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸವೇ ಆಗಲಿಲ್ಲ. ತಿನ್ನದೆಯೂ ಬೈಗುಳ ಕೇಳಿದ ನಾಯಿಗಳಲ್ಲಿ ಅದು ಇನ್ನೂ ಗಾಢವಾಗಿತ್ತು. ಪ್ರಯೋಗದಲ್ಲಿದ್ದದ್ದು 14 ನಾಯಿಗಳು, ಸಂಖ್ಯೆ ಸಣ್ಣದು ನಿಜ. ಆದರೂ ಮುಖ ನೋಡಿ ತೀರ್ಪು ಕೊಡುವ ಅಭ್ಯಾಸಕ್ಕೆ ಇದು ದೊಡ್ಡ ತಡೆ.

ನಾಯಿ ತನ್ನನ್ನೇ ಗುಂಪಿನ ಯಜಮಾನ ಎಂದುಕೊಳ್ಳುತ್ತದೆ, ಅದನ್ನು ಬಗ್ಗಿಸದಿದ್ದರೆ ನಮ್ಮ ಮೇಲೇ ಅಧಿಕಾರ ನಡೆಸುತ್ತದೆ ಎಂಬುದು ಇನ್ನೊಂದು ವಾದ. ಇದರ ಬೇರು ತೋಳಗಳ ಅಧ್ಯಯನದಲ್ಲಿದೆ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಬಗ್ಗೆ. ಗುಂಪಿನ ಯಜಮಾನಿಕೆಗಾಗಿ ಸೆಣಸುವ ತೋಳಗಳ ಆ ಚಿತ್ರವನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದವರಲ್ಲಿ ಡೇವಿಡ್ ಮೆಚ್ ಪ್ರಮುಖರು. ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ವರ್ಷವರ್ಷವೂ ಹತ್ತಿರದಿಂದ ನೋಡಿ, ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಸಂಸಾರವೆಂದು 1999ರಲ್ಲಿ ಅವರೇ ಬರೆದರು. ಮೂಲವನ್ನು ತಿದ್ದಿದ ಮೇಲೂ ನಾಯಿಯನ್ನು ಬೆನ್ನ ಮೇಲೆ ಕೆಡವಿ ಅದುಮಿಡುವ ಪದ್ಧತಿ ನಿಂತಿಲ್ಲ ಎನ್ನುವುದು ನನಗೆ ಕಳವಳದ ಸಂಗತಿ.

ಇನ್ನು ನಾಯಿಗೆ ಅರ್ಥವಾಗುವ ಶಿಕ್ಷೆ. ನಿಜವಾದ ಅಪಾಯ ಇರುವುದು ಇಲ್ಲಿ. ನಾಯಿ ಊಟ ಮಾಡುವಾಗ ಮಗು ತಟ್ಟೆಯ ಹತ್ತಿರ ಬರುತ್ತದೆ. ನಾಯಿ ಗುರ್ ಎನ್ನುತ್ತದೆ. ಯಜಮಾನ ಆ ಕ್ಷಣವೇ ತಲೆಗೊಂದು ಬಿಗಿಯುತ್ತಾನೆ. ಹೊತ್ತು ಸರಿಯಾಗಿದೆ, ಪಾಠವೂ ಮುಟ್ಟಿದೆ: ಗುರುಗುಟ್ಟಬಾರದು. ಮಗು ಬಂದರೆ ಅನ್ನ ಹೋಗುತ್ತದೆಂಬ ಭಯ ಮಾತ್ರ ಹಾಗೇ ಉಳಿದು, ಅದರ ಜೊತೆ ಏಟಿನ ಭಯವೂ ಸೇರಿಕೊಂಡಿದೆ. ಕಚ್ಚುವ ಮೊದಲು ನಾಯಿ ಸಾಮಾನ್ಯವಾಗಿ ಮೈ ಬಿಗಿಹಿಡಿಯುತ್ತದೆ, ತಿನ್ನುವುದನ್ನು ನಿಲ್ಲಿಸುತ್ತದೆ, ಓರೆಗಣ್ಣಿನಲ್ಲಿ ಬಿಳಿ ಕಾಣಿಸುತ್ತದೆ, ತುಟಿ ಮೇಲೇಳುತ್ತದೆ. ಇವನ್ನೆಲ್ಲ ಗಮನಿಸದ ಮನೆಯವರಿಗೂ ಕೇಳಿಸುವ ಎಚ್ಚರಿಕೆ ಆ ಗುರ್ ಒಂದೇ. ಅದನ್ನು ಹೊಡೆದು ಅಳಿಸಿದ ಮನೆಯಲ್ಲೇ 'ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು' ಎಂಬ ಮಾತು ಬರುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಡತೆಯ ಸಮಸ್ಯೆಗೆ ಚಿಕಿತ್ಸೆ ಕೇಳಿ ಬಂದ 140 ನಾಯಿಗಳ ಒಡೆಯರಿಂದ ಸಂಗ್ರಹಿಸಿ 2009ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ಹೊಡೆತ ಅಥವಾ ಒದೆತ ತಿಂದ ನಾಯಿಗಳಲ್ಲಿ ಶೇ. 43ರಷ್ಟು, ಕೆಡವಿ ಅದುಮಿಸಿಕೊಂಡವುಗಳಲ್ಲಿ ಶೇ. 31ರಷ್ಟು ತಿರುಗಿಬಿದ್ದಿದ್ದವು. ಗುರುಗುಟ್ಟುವ ನಾಯಿಯ ಊಟವನ್ನು ಮಗು ಬರದ ಜಾಗಕ್ಕೆ ಬದಲಿಸುವುದು ಮೊದಲ ಕೆಲಸ. ಆಮೇಲೆ ಮನೆಯ ದೊಡ್ಡವರು, ನಾಯಿ ನೆಮ್ಮದಿಯಾಗಿ ತಿನ್ನುತ್ತಲೇ ಇರುವಷ್ಟು ದೂರದಿಂದ ಹಾದುಹೋಗುತ್ತ, ಪ್ರತಿಸಲವೂ ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರು ಬೇಯಿಸಿದ ಕೋಳಿಯನ್ನು ಅದರ ಕಡೆ ಎಸೆಯಬೇಕು. ಮನುಷ್ಯ ಹತ್ತಿರ ಬಂದರೆ ಏನೂ ಹೋಗುವುದಿಲ್ಲ, ಇನ್ನಷ್ಟು ಸಿಗುತ್ತದೆ ಎಂದು ನಾಯಿಗೆ ಮನವರಿಕೆಯಾಗುವವರೆಗೆ ದೂರವನ್ನು ಅವಸರದಿಂದ ಕಡಿಮೆ ಮಾಡಬಾರದು.

ಕೆಟ್ಟ ನಾಯಿಗೇ ಹೆಚ್ಚು ಏಟು ಬೀಳುತ್ತದೆ, ಆದ್ದರಿಂದ ಏಟಿನಿಂದಲೇ ನಾಯಿ ಕೆಟ್ಟಿತೆಂದು ಇಂಥ ಸಮೀಕ್ಷೆಗಳು ಸಾಬೀತು ಮಾಡುವುದಿಲ್ಲ ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದು. ಅದಕ್ಕೆ ಉತ್ತರ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಗುತ್ತದೆ. ಕರೆದರೆ ಬಾರದ, ಕುರಿಗಳನ್ನೋ ಬೇರೆ ಪ್ರಾಣಿಗಳನ್ನೋ ಅಟ್ಟಿಸಿಕೊಂಡು ಹೋಗುವಂಥ 63 ನಾಯಿಗಳನ್ನು ಮೂರು ಗುಂಪು ಮಾಡಿದರು. ಕುತ್ತಿಗೆಗೆ ಆಘಾತ ಕೊಡುವ ವಿದ್ಯುತ್ ಕಾಲರ್ ಬಳಸಿ ಕಲಿಸಿದ್ದು ಒಂದು ಗುಂಪಿಗೆ, ಅದೂ ಕಾಲರ್ ತಯಾರಕರೇ ಸೂಚಿಸಿದ ತರಬೇತುದಾರರಿಂದ. ಇಷ್ಟಾದರೂ ಕಾಲರ್ ಹಾಕಿದ ನಾಯಿಗಳು ಉಳಿದವುಗಳಿಗಿಂತ ಚೆನ್ನಾಗಿ ಕಲಿತದ್ದು ಕಾಣಲಿಲ್ಲ. ಒತ್ತಡದ ಲಕ್ಷಣಗಳು ಮಾತ್ರ ಹೆಚ್ಚು ಕಂಡವು. ಕುರಿ ಅಟ್ಟುವ ನಾಯಿಗೆ ಕಾಲರೇ ಗತಿ ಎಂಬುದು ಅದರ ಪರವಾದ ಅತ್ಯಂತ ಬಲವಾದ ವಾದ. ಅದು ಸೋತದ್ದು ತನ್ನದೇ ಕಣದಲ್ಲಿ. ತಿಂಡಿ ಕೊಟ್ಟು ಕಲಿಸಿದರೆ ತಿಂಡಿ ಇರುವವರೆಗೆ ಮಾತ್ರ ಮಾತು ಕೇಳುತ್ತದೆ ಎನ್ನುವವರಿಗೆ ನಮ್ಮ ದೇಶದ್ದೇ ಸಾಕ್ಷ್ಯವಿದೆ. ಕೋಲ್ಕತ್ತದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಮನುಷ್ಯನ ಮೇಲೆ ನಂಬಿಕೆ ಬೆಳೆಸಲು ಮತ್ತೆ ಮತ್ತೆ ಕೊಟ್ಟ ತಿಂಡಿಗಿಂತ ಮತ್ತೆ ಮತ್ತೆ ತಲೆ ನೇವರಿಸಿದ್ದೇ ಹೆಚ್ಚು ಫಲ ಕೊಟ್ಟಿತು. ಹೊತ್ತಿನ ಊಟವೂ ಖಾತ್ರಿಯಿಲ್ಲದ ನಾಯಿಗಳ ಮಾತು ಇದು.

ಹಳ್ಳಿಗಳಲ್ಲಿ ಹಿಂದಿನವರು ಹೊಡೆದೇ ಸಾಕಲಿಲ್ಲವೇ ಎಂಬ ಪ್ರಶ್ನೆಯೂ ಉಂಟು. ಆ ನಾಯಿಗಳ ದಿನ ಹೇಗಿತ್ತೆಂದು ನೋಡಬೇಕು. ಅವು ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಹಟ್ಟಿಗೆ ಬಿಡುಬೀಸಾಗಿ ತಿರುಗುತ್ತಿದ್ದವು, ಬೇಡವಾದ ಕಡೆಯಿಂದ ಎದ್ದು ಹೋಗಬಲ್ಲವಾಗಿದ್ದವು. ಇಂದು ಗೇಟಿನ ಬಳಿ ಮೊಳದುದ್ದದ ಸರಪಳಿಯಲ್ಲಿ ಹಗಲೆಲ್ಲ ನಿಂತ ನಾಯಿ ಬೊಗಳುತ್ತದೆ, ಬಿಟ್ಟ ಕೂಡಲೇ ಬಂದವರ ಮೈಮೇಲೆ ಹಾರುತ್ತದೆ. ಇದನ್ನು ನಾವು ಅಶಿಸ್ತು ಎನ್ನುತ್ತೇವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಾಣಿಗಳನ್ನು ಹೊಡೆಯುವುದರ ಜೊತೆಗೇ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡಿಸದಿರುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅದು ಏರಬೇಕೆಂದು ಒತ್ತಾಯಿಸುವವರಲ್ಲಿ ನಾನೂ ಒಬ್ಬ. ದಂಡ ಏರುವವರೆಗೆ ಕಾಯಬೇಕಾಗಿಲ್ಲ. ಬೆಳಿಗ್ಗೆ ಸಂಜೆ ನಾಯಿಯನ್ನು ಕರೆದೊಯ್ದು, ಎಳೆದಾಡದೆ, ಅದು ಮೂಸಿದಷ್ಟು ಹೊತ್ತು ಮೂಸಲು ಬಿಡಬಹುದು. ಮೈಮೇಲೆ ಹಾರಿದಾಗ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತ್ರ ಮಾತಾಡಿಸಬಹುದು. ಮೊದಮೊದಲು ಹಾರಾಟ ಹೆಚ್ಚುತ್ತದೆ. ಆಗ ಮನೆಯಲ್ಲಿ ಒಬ್ಬರು ಸೋತು ಮುದ್ದಿಸಿದರೂ ಕೆಲಸ ಮೊದಲಿನಿಂದ ಶುರುವಾಗುತ್ತದೆ. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಮುಟ್ಟಿದರೆ ಎಗರುತ್ತಿದೆ ಎಂದಾದರೆ ಕಿವಿ, ಹಲ್ಲು, ಸೊಂಟದ ಕೀಲುಗಳನ್ನು ಪಶುವೈದ್ಯರಿಗೆ ತೋರಿಸುವ ಮುನ್ನ ಅದರ ನಡತೆಯ ಬಗ್ಗೆ ಯಾವ ತೀರ್ಮಾನಕ್ಕೂ ಬರಕೂಡದು.