ತಿಳಿಸುವುದು, ವಿಚಾರಿಸುವುದು

ಕಾಗದವನ್ನು ಮುಂದಿನ ಮೇಜಿಗೆ ಕಳುಹಿಸಿದರೆ ನಮ್ಮ ಹೊಣೆ ತೀರಿತೆಂಬ ನಂಬಿಕೆ ಕಚೇರಿಗಳಲ್ಲಿ ಬಲವಾಗಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಟೈಟಾನಿಕ್ ಹಡಗಿನ ವೃತ್ತಾಂತದಿಂದ ನೋಡಬಹುದು. ಆ ಕಥೆಯಲ್ಲಿ ಎಲ್ಲರೂ ಹಿಮಗಡ್ಡೆಯನ್ನು ನೆನೆಯುತ್ತಾರೆ. ನಾವು ಕೆಲವು ಚೀಟಿಗಳನ್ನು ನೆನೆಯಬೇಕೆಂದಿದ್ದೇವೆ.

೧೯೧೨ನೆಯ ಇಸವಿ ಏಪ್ರಿಲ್ ೧೪ರಂದು, ಮುಂದೆ ಹಿಮವಿದೆಯೆಂದು ಆ ಹಡಗಿಗೆ ಹಲವು ನಿಸ್ತಂತು ಸಂದೇಶಗಳು ಬಂದುವು. ಬಾಲ್ಟಿಕ್ ಎಂಬ ಹಡಗು ಕಳುಹಿಸಿದುದನ್ನು ಕಪ್ತಾನ ಸ್ಮಿತ್ತನು, ಪ್ರಯಾಣಿಕರಾಗಿ ಬಂದಿದ್ದ ಕಂಪೆನಿಯ ಅಧ್ಯಕ್ಷ ಇಸ್ಮೇ ಅವರಿಗೆ ಮಧ್ಯಾಹ್ನ ಕೊಟ್ಟನು. ಅವರು ಅದನ್ನು ಜೇಬಿಗೆ ಸೇರಿಸಿದರು. ಸಂಜೆ ಏಳು ಗಂಟೆ ದಾಟಿದ ಮೇಲೆ ಕಪ್ತಾನನು ಅದನ್ನು ಕೇಳಿ ಪಡೆದನು. ಅಲ್ಲಿಯವರೆಗೆ, ನಕ್ಷೆಯ ಕೋಣೆಯಲ್ಲಿರಬೇಕಾದ ಸುದ್ದಿ ದೊಡ್ಡವರ ಅಂಗಿಯಲ್ಲಿತ್ತು. ದೊಡ್ಡವರಿಗೆ ತಿಳಿಸಿದರೆ ಎಲ್ಲರಿಗೂ ತಿಳಿಸಿದಂತೆ ಎಂಬ ಭ್ರಾಂತಿ ನಮಗೂ ಹೊಸದಲ್ಲ.

ರಾತ್ರಿ ೯-೪೦ಕ್ಕೆ ಮೆಸಾಬಾ ಹಡಗಿನ ಸಂದೇಶ ಬಂದಿತು. ಟೈಟಾನಿಕ್ ಹೋಗುತ್ತಿದ್ದ ಪ್ರದೇಶವನ್ನೇ ಅದು ಅಕ್ಷಾಂಶ ರೇಖಾಂಶ ಸಹಿತವಾಗಿ ಹೇಳಿತ್ತು. ಆದರೆ ಕಪ್ತಾನನಿಗೇ ಮುಟ್ಟತಕ್ಕ ಸಂದೇಶಗಳ ತಲೆಯಲ್ಲಿರಬೇಕಾದ ಗುರುತಿನ ಅಕ್ಷರಗಳು ಅದರಲ್ಲಿರಲಿಲ್ಲ. ನಿಸ್ತಂತು ಕೋಣೆಯ ಫಿಲಿಪ್ಸನು ಮಾರ್ಕೋನಿ ಕಂಪೆನಿಯ ನೌಕರನು. ಪ್ರಯಾಣಿಕರ ಖಾಸಗಿ ತಂತಿಗಳ ರಾಶಿ ಅವನ ಮುಂದಿತ್ತು. ಆ ಚೀಟಿ ಹಡಗು ನಡೆಸುವವರ ಕೈ ಸೇರಲಿಲ್ಲ. ಅವನನ್ನು ದೂರುವುದು ಸುಲಭ. ಆದರೆ ಮೇಲೆ ನಿಂತು ಕತ್ತಲೆಯಲ್ಲಿ ಹಿಮವನ್ನೇ ನಿರೀಕ್ಷಿಸುತ್ತಿದ್ದ ಅಧಿಕಾರಿಗಳು, ಹೊಸ ಸುದ್ದಿಯೇನಾದರೂ ಉಂಟೆ ಎಂದು ಒಬ್ಬನನ್ನು ಕಳುಹಿಸಿ ವಿಚಾರಿಸಬಾರದಾಗಿತ್ತೆ? ಇವರ ಹೊಣೆ ಅವನದಕ್ಕಿಂತ ಕಡಮೆಯೆಂದು ನಮಗೆ ತೋರುವುದಿಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ, ಹಿಮದ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಎವಾನ್ಸನು ಮತ್ತೆ ಎಚ್ಚರಿಸಹೋದನು. ಹತ್ತಿರದ ಹಡಗಾದುದರಿಂದ ಅವನ ಸದ್ದು ಫಿಲಿಪ್ಸನ ಕಿವಿಗೆ ಬಡಿಯಿತು. ಕೆಲಸದಲ್ಲಿದ್ದೇನೆ, ಸುಮ್ಮನಿರು ಎಂದುಬಿಟ್ಟನು. ಎವಾನ್ಸನು ಪಟ್ಟುಹಿಡಿಯಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಯಂತ್ರವನ್ನು ನಿಲ್ಲಿಸಿ ಮಲಗಲು ಹೋದನು. (ನಮ್ಮ ಗುಮಾಸ್ತನೊಬ್ಬನು ತುರ್ತಿನ ಕಾಗದವನ್ನು ಕಳುಹಿಸಿ, ಅರ್ಧ ಗಂಟೆಯ ಮೇಲೆ ತಾನೇ ಎದ್ದುಬಂದು "ಸ್ವಾಮಿ, ನೋಡಿದಿರಾ?" ಎಂದರೆ, ಅದನ್ನು ಅಧಿಕಪ್ರಸಂಗವೆನ್ನುವ ಅಧಿಕಾರಿಗಳು ಎಷ್ಟು ಮಂದಿಯಿಲ್ಲ!) ೧೧-೪೦ಕ್ಕೆ ಟೈಟಾನಿಕ್ ಹಿಮಗಡ್ಡೆಗೆ ತಗುಲಿತು. ಒಂದೂವರೆ ಸಾವಿರಕ್ಕೆ ಮೀರಿದ ಜನ ಮೃತರಾದರು. ಎವಾನ್ಸನು ಅದನ್ನು ಅರಿತುದು ಬೆಳಗಾದ ಮೇಲೆ.

೧೯೧೪ರ ಜನವರಿಯಲ್ಲಿ ಲಂಡನ್ನಿನಲ್ಲಿ ರುಜುವಾದ ಅಂತರರಾಷ್ಟ್ರೀಯ ಒಪ್ಪಂದವು, ಅಪಾಯಕರವಾದ ಹಿಮವನ್ನು ಕಂಡ ಕಪ್ತಾನನು ಸುತ್ತಣ ಹಡಗುಗಳಿಗೆ ತಿಳಿಸಲೇಬೇಕೆಂದೂ, ರಾತ್ರಿ ದಾರಿಯಲ್ಲಿ ಹಿಮವಿದೆಯೆಂದು ತಿಳಿದವನು ವೇಗವನ್ನು ತಗ್ಗಿಸಬೇಕು ಇಲ್ಲವೆ ದಾರಿಯನ್ನು ಬದಲಿಸಬೇಕೆಂದೂ ವಿಧಿಸಿತು. ದೊಡ್ಡ ಹಡಗುಗಳ ನಿಸ್ತಂತು ಕೋಣೆಯಲ್ಲಿ ಹಗಲಿರುಳೂ ಒಬ್ಬನು ಕಿವಿಗೊಟ್ಟು ಕುಳಿತಿರಬೇಕೆಂಬ ಕಟ್ಟಳೆಯೂ ಆಗಲೇ ಬಂದಿತು.