ಬೆಳಕಿನಿಂದ ಕೂದಲು ತೆಗೆಯುವುದು: ಯಾರಿಗೆ ಹಿಡಿಸುತ್ತದೆ, ಯಾರಿಗೆ ಇಲ್ಲ

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಕೂದಲಿನ ಮೇಲೂ ಒಂದು ಭಾಷಣವೇ ಎಂದು ಹಿಂದಿನ ಬೆಂಚಿನವರು ನಗುತ್ತಿದ್ದಾರೆ. ನಗಲಿ. ಔಷಧದಂಗಡಿಯಲ್ಲಿ ನಿಂತು ಕೆಲಸ ಮಾಡುವ ನನಗೆ ಮಾತ್ರ ಇದು ನಗುವ ವಿಷಯವಾಗಿ ಕಂಡಿಲ್ಲ. ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ಒಂದು ಬದಿಗೆ ನಿಂತಿದ್ದು, ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಮಗಳ ಗದ್ದದ ಮೇಲೆ ಕೂದಲು ಬರಾಕತ್ತಾವ, ಏನಾದರೂ ಮುಲಾಮು ಐತೇನು?" ಎಂದು ಕೇಳುವ ತಾಯಂದಿರನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ. ವರನ ಕಡೆಯವರು ಬರುವ ದಿನ ಗೊತ್ತಾಯಿತೆಂದರೆ ಅವಸರ ಇನ್ನೂ ಹೆಚ್ಚು. ಲೇಸರ್ ಎಂಬ ಫಲಕಗಳು ಈಗ ಪುಣೆಯಲ್ಲಿ ಮಾತ್ರವಲ್ಲ, ನಮ್ಮ ಬಾರಾಮತಿಯಂಥ ತಾಲೂಕಿನ ಊರುಗಳಲ್ಲಿಯೂ ಕಾಣುತ್ತವೆ. ಪಗಾರದಲ್ಲಿ ಊರಿಗೆ ಕಳಿಸುವುದನ್ನು ಕಳಿಸಿ, ಉಳಿದುದನ್ನು ಕೂಡಿಟ್ಟ ಹಣವನ್ನು ಅಲ್ಲಿ ಸುರಿಯುವುದಕ್ಕೆ ಮುಂಚೆ, ಆ ಬೆಳಕು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಬಿಸಿಲಿನಲ್ಲಿ ಒಂದು ಕರಿಯ ಕೊಡೆಯನ್ನೂ ಒಂದು ಬಿಳಿಯ ಧೋತರವನ್ನೂ ಹರವಿ, ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿ ನೋಡಿರಿ. ಬಿಸಿಲು ಒಂದೇ, ಆದರೆ ಕೊಡೆ ಕಾದಿರುತ್ತದೆ, ಧೋತರ ತಣ್ಣಗಿರುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿ ಶಾಖವಾಗಿ ಮಾಡಿಕೊಳ್ಳುತ್ತದೆ. ಲೇಸರಿನ ಗುಟ್ಟೆಲ್ಲ ಇಷ್ಟೆ. ಕೂದಲಿನಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣವುಂಟು. ಒಂದೇ ಬಣ್ಣದ ತೀಕ್ಷ್ಣವಾದ ಬೆಳಕನ್ನು ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಿಮೆ ಹೊತ್ತು ಚರ್ಮದ ಮೇಲೆ ಬಿಟ್ಟರೆ, ಆ ಕಪ್ಪು ಅದನ್ನು ಹೀರಿ ಕಾಯುತ್ತದೆ; ಕಾವು ಕೂದಲಿನ ಬುಡಕ್ಕಿಳಿದು, ಹೊಸ ಕೂದಲನ್ನು ಹುಟ್ಟಿಸುವ ಜೀವಕೋಶಗಳನ್ನು ಸುಡುತ್ತದೆ.

ಥಿಯೋಡೋರ್ ಮೈಮನ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಮೊದಲ ಲೇಸರನ್ನು ಹೊತ್ತಿಸಿದ್ದು ೧೯೬೦ರಲ್ಲಿ, ಮಾಣಿಕ್ಯದ ಒಂದು ಸಣ್ಣ ಕಡ್ಡಿಯಿಂದ. ಸುತ್ತಲಿನ ಚರ್ಮವನ್ನು ಉಳಿಸಿ ಬಣ್ಣವಿರುವ ಕಣವನ್ನಷ್ಟೇ ಕಾಯಿಸಬಹುದೆಂಬ ಸೂತ್ರವನ್ನು ರಾಕ್ಸ್ ಆಂಡರ್ಸನ್, ಜಾನ್ ಪ್ಯಾರಿಷ್ ಎಂಬ ವೈದ್ಯರು ೧೯೮೩ರಲ್ಲಿ ಬರೆದರು. ೧೯೯೬ರ ಹೊತ್ತಿಗೆ ಅದೇ ಮಾಣಿಕ್ಯದ ಬೆಳಕನ್ನು ಕೂದಲಿನ ಮೇಲೆ ಬಿಟ್ಟು ಪರೀಕ್ಷಿಸಿದ ಫಲವೂ ಪ್ರಕಟವಾಯಿತು.

ಒಂದು ಸಲಕ್ಕೇ ಯಾಕೆ ಮುಗಿಯುವುದಿಲ್ಲ? ಕಬ್ಬಿನ ಸೀಮೆಯಲ್ಲಿರುವ ನಮಗೆ ಇದನ್ನು ತಿಳಿಸುವುದು ಸುಲಭ. ಕಬ್ಬನ್ನು ಕಡಿದರೆ ಬುಡದಿಂದ ಕೂಳೆ ಒಡೆಯುತ್ತದೆ. ಇಲ್ಲಿಯವರು ಅದನ್ನೇ ಖೋಡವಾ ಎನ್ನುತ್ತಾರೆ. ಕ್ಷೌರವೆಂದರೆ ಕಬ್ಬು ಕಡಿದಂತೆ, ಬುಡ ನೆಲದಲ್ಲಿಯೇ ಇರುತ್ತದೆ. ಲೇಸರ್ ಆ ಬುಡಕ್ಕೆ ಹೋಗುತ್ತದೆ. ಆದರೆ ಮೈಮೇಲಿನ ಕೂದಲೆಲ್ಲ ಒಂದೇ ಕಾಲಕ್ಕೆ ಬೆಳೆಯುತ್ತಿರುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಬಾಡುತ್ತಿರುತ್ತವೆ, ಕೆಲವು ಸುಮ್ಮನೆ ಮಲಗಿರುತ್ತವೆ. ಬೆಳೆಯುತ್ತಿರುವ ಕೂದಲಿಗೆ ಮಾತ್ರ ಬುಡದವರೆಗೆ ಕಪ್ಪಿರುವುದರಿಂದ ಬೆಳಕಿಗೆ ಸಿಕ್ಕುವುದು ಅದೇ. ಆದುದರಿಂದ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ, ಸಾಮಾನ್ಯವಾಗಿ ಆರೆಂಟು ಸಲ ಹೋಗಬೇಕಾಗುತ್ತದೆ. ಹೋಗುವ ಮುಂಚೆ ದಾರದಿಂದ ಕೀಳಿಸುವುದು, ಮೇಣ ಹಚ್ಚಿ ಎಳೆಸುವುದು ಸಲ್ಲದು. ಬುಡವೇ ಇಲ್ಲದಿದ್ದರೆ ಬೆಳಕು ಹಿಡಿಯುವುದು ಯಾವುದನ್ನು? ಬ್ಲೇಡಿನಿಂದ ಬೋಳಿಸಿಕೊಂಡರೆ ಅಡ್ಡಿಯಿಲ್ಲ. ಬೋಳಿಸಿದರೆ ಕೂದಲು ದಪ್ಪವಾಗುತ್ತದೆಂಬುದು ಬರಿಯ ನಂಬಿಕೆ.

ಫಲಕದ ಮೇಲೆ "ಶಾಶ್ವತ ನಿರ್ಮೂಲನ" ಎಂದು ಬರೆದಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿರುವ ಮಾತು ಬೇರೆ: ಕೂದಲಿನ ಸಂಖ್ಯೆ ಬಹುಕಾಲ ಕಡಿಮೆಯಾಗಿರುತ್ತದೆ ಎಂದಷ್ಟೆ. ಕಡಿಮೆಯಾಗುವುದಕ್ಕೂ ಇಲ್ಲವಾಗುವುದಕ್ಕೂ ಇರುವ ಅಂತರ ಲೆಕ್ಕ ಬರೆಯುವ ಗುಮಾಸ್ತರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮ ಮೈಬಣ್ಣದ ಮಾತಿಗೆ ಬರೋಣ. ಎಚ್ಚರ ಬೇಕಾದದ್ದು ಇಲ್ಲಿಯೇ. ಕೂದಲಿನಲ್ಲಿರುವ ಕಪ್ಪೇ ನಮ್ಮ ಚರ್ಮದಲ್ಲಿಯೂ ಉಂಟು. ಬೆಳಕಿಗೆ ಇದು ಕೂದಲು, ಇದು ಕೆನ್ನೆ ಎಂಬ ವಿವೇಕವಿಲ್ಲ. ಬಿಳಿಯ ಚರ್ಮದವರಿಗೆ ಸರಿಹೋಗುವ ಯಂತ್ರವನ್ನು ಅದೇ ಬಿರುಸಿನಲ್ಲಿ ನಮ್ಮ ಮೇಲೆ ಬಿಟ್ಟರೆ ಚರ್ಮ ಸುಟ್ಟು ಗುಳ್ಳೆಯೆದ್ದು, ತಿಂಗಳುಗಟ್ಟಲೆ ಹೋಗದ ಕಲೆಯಾಗಬಹುದು. ಬೆಳಕಿನ ಅಲೆ ಉದ್ದವಾದಷ್ಟೂ ಚರ್ಮದ ಮೇಲುಪದರದ ಕಪ್ಪಿಗೆ ಸಿಕ್ಕುವುದು ಕಡಿಮೆ, ಆಳಕ್ಕಿಳಿಯುವುದು ಹೆಚ್ಚು. ಮಾಣಿಕ್ಯದ ಬೆಳಕಿನ ಅಲೆ ೬೯೪ ನ್ಯಾನೋಮೀಟರು, ಅಲೆಕ್ಸಾಂಡ್ರೈಟಿನದು ೭೫೫, ಡಯೋಡಿನದು ಸುಮಾರು ೮೧೦, ಎನ್‌ಡಿ-ಯಾಗ್ ಎಂಬುದರದು ೧೦೬೪. ಕಂದು, ಕಪ್ಪು ಮೈಯವರಿಗೆ ಕೊನೆಯದೇ ಹೆಚ್ಚು ಕ್ಷೇಮ. ಡಯೋಡನ್ನೂ ತಿಳಿದವರ ಕೈಯಲ್ಲಿ ಬಳಸಬಹುದು. ಐ.ಪಿ.ಎಲ್. ಎಂಬುದು ಲೇಸರೇ ಅಲ್ಲ. ಅದು ಹಲವು ಬಣ್ಣಗಳನ್ನು ಒಟ್ಟಿಗೆ ಉಗುಳುವ ದೀಪ. ಮನೆಯಲ್ಲಿಯೇ ಬಳಸಿರೆಂದು ಮಾರುವ ಯಂತ್ರಗಳು ಹೆಚ್ಚಾಗಿ ಈ ಜಾತಿಯವು. ಕಪ್ಪು ಚರ್ಮದವರು ಬಳಸಬಾರದೆಂದು ಅವುಗಳ ಪೆಟ್ಟಿಗೆಯ ಕಾಗದದಲ್ಲಿಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಬಿಸಿಲಿನಲ್ಲಿ ದುಡಿಯುವವರು ಇನ್ನೂ ಹೆಚ್ಚು ನೋಡಿಕೊಳ್ಳಬೇಕು. ರಸ್ತೆಯ ಕೆಲಸ, ಗವಂಡಿ ಕೆಲಸ, ಕಬ್ಬಿನ ಕೆಲಸದಲ್ಲಿ ಮುಖ ಕಾದು ಕಪ್ಪಾಗಿರುವಾಗ ಲೇಸರ್ ಬೇಡ. ಹಿಂದೆ ಮುಂದೆ ಕೆಲವು ವಾರ ಮುಖಕ್ಕೆ ಬಿಸಿಲು ತಾಗದಂತೆ ಇರಲಾಗದವರು ಮಳೆಗಾಲಕ್ಕೋ ಚಳಿಗಾಲಕ್ಕೋ ಕಾಯುವುದು ಲೇಸು.

ಯಂತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕೂದಲು ಬಂದದ್ದೇಕೆ? ತಾಯಿಗೆ, ಅತ್ತೆಯಂದಿರಿಗೆ ಇದ್ದ ಹಾಗೆ ಮಗಳಿಗೂ ತುಸು ಇದ್ದರೆ ಅದು ವಂಶದ ಗುಣ, ರೋಗವಲ್ಲ. ಆದರೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮೊಡವೆ, ಮೈತೂಕ ಏರುವುದು, ಇವುಗಳ ಜೊತೆಗೆ ಗದ್ದದ ಮೇಲೆ ದಪ್ಪ ಕೂದಲು ಬಂದರೆ ಅದು ಪಿ.ಸಿ.ಓ.ಎಸ್. ಎಂಬ ಹಾರ್ಮೋನಿನ ಏರುಪೇರು ಇರಬಹುದು. ಆ ಏರುಪೇರಿಗೆ ಔಷಧ ಮಾಡದೆ ಬರಿಯ ಲೇಸರ್ ಮಾಡಿಸಿದರೆ, ಒಂದು ಕಡೆ ಕಳೆ ಕೀಳುತ್ತ ಇನ್ನೊಂದು ಕಡೆ ನೀರು ಬಿಟ್ಟಂತೆ. ಕೆಲವೇ ತಿಂಗಳಲ್ಲಿ ಕೂದಲು ಹೆಚ್ಚಿ, ದನಿಯೂ ಗಡಸಾದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಅಪರೂಪಕ್ಕೆ ಒಳಗಿನ ಗಡ್ಡೆ ಅದಕ್ಕೆ ಕಾರಣವಾಗಿರುವುದುಂಟು.

ಇನ್ನೊಂದು ಕಾರಣ ನನ್ನ ಅಂಗಡಿಯ ಕಪಾಟಿನಲ್ಲಿಯೇ ಇದೆ. ಮುಖ ಬೆಳ್ಳಗಾಗಲೆಂದು ಸ್ಟಿರಾಯ್ಡ್ ಬೆರೆತ ಟ್ಯೂಬುಗಳನ್ನು ತಿಂಗಳುಗಟ್ಟಲೆ ಹಚ್ಚುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಮೊದಲು ಮುಖ ಹೊಳೆಯುತ್ತದೆ; ಬಳಿಕ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಯೆದ್ದು, ಕೆನ್ನೆಯ ಮೇಲೆ ಕೂದಲು ಮೂಡುತ್ತವೆ. ೨೦೧೮ರಲ್ಲಿ ಕೇಂದ್ರ ಸರಕಾರವು ಇಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಚೀಟಿಯಿಲ್ಲದೆ ಕೇಳುವವರು ನಿಂತಿಲ್ಲ, ಕೊಡುವವರೂ ನಿಂತಿಲ್ಲ. ನಾನು ಕೊಡುವುದಿಲ್ಲವೆಂದು ನನ್ನ ಮೇಲೆ ಸಿಟ್ಟಾದವರು ಈ ಸಭೆಯಲ್ಲಿಯೂ ಇದ್ದಾರೆ, ಇರಲಿ. ಇಂಥವರಿಗೆ ಬೇಕಾದದ್ದು ಲೇಸರಲ್ಲ. ಮೊದಲು ಆ ಟ್ಯೂಬನ್ನು ಬಿಡಬೇಕು, ಅದನ್ನೂ ಒಮ್ಮೆಲೇ ಅಲ್ಲ, ವೈದ್ಯರು ಹೇಳಿದ ಕ್ರಮದಲ್ಲಿ.

ಹಾಗಾದರೆ ಯಾರಿಗೆ ಹಿಡಿಸುತ್ತದೆ? ಕೂದಲು ಕಪ್ಪಾಗಿ ದಪ್ಪವಾಗಿದ್ದು, ಚರ್ಮ ಅದಕ್ಕಿಂತ ತಿಳಿಯಾಗಿರುವವರಿಗೆ. ಗಂಡಸರಿಗೂ ಇದರ ಉಪಯೋಗವಿದೆ. ಗುಂಗುರು ಗಡ್ಡದವರು ನಿತ್ಯ ಕ್ಷೌರ ಮಾಡಿದಾಗ ಕೂದಲು ಒಳಕ್ಕೇ ಬಾಗಿ ಗುಳ್ಳೆಗಳೇಳುವುದುಂಟು. ಬಹಳ ಹೊತ್ತು ಕುಳಿತೇ ಇರುವ ಟ್ರಕ್ಕಿನ ಡ್ರೈವರರಿಗೆ ಬೆನ್ನಿನ ಕೊನೆಯಲ್ಲಿ, ಪಿರ್ರೆಗಳ ನಡುವೆ, ಕೂದಲು ಹೊಕ್ಕು ಕೀವಾಗುವ ಹುಣ್ಣೊಂದುಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಅದು ಎಷ್ಟು ಕಾಡಿತೆಂದರೆ, ಜೀಪಿನ ಕಾಯಿಲೆ ಎಂದೇ ಹೆಸರಾಯಿತು. ಶಸ್ತ್ರಕ್ರಿಯೆಯಾದ ಮೇಲೆ ಅದು ಮರುಕಳಿಸದಿರಲೆಂದು ಅಲ್ಲಿಯ ಕೂದಲನ್ನು ಲೇಸರಿನಿಂದ ಕಡಿಮೆ ಮಾಡುವ ವೈದ್ಯರಿದ್ದಾರೆ.

ನರೆತ ಕೂದಲಿಗೆ ಲೇಸರ್ ಏನೂ ಮಾಡದು, ಹೀರಲು ಅಲ್ಲಿ ಕಪ್ಪೇ ಇಲ್ಲ. ಅಂಥವರಿಗೆ ಸೂಜಿಯಿಂದ ಒಂದೊಂದೇ ಕೂದಲಿನ ಬುಡಕ್ಕೆ ವಿದ್ಯುತ್ತು ಹಾಯಿಸುವ ಹಳೆಯ ವಿಧಾನ ಉಂಟು. ೧೮೭೫ರಲ್ಲಿ ಚಾರ್ಲ್ಸ್ ಮೈಕೆಲ್ ಎಂಬ ಕಣ್ಣಿನ ವೈದ್ಯರು ಒಳಕ್ಕೆ ಬಾಗಿದ ರೆಪ್ಪೆಕೂದಲಿಗಾಗಿ ಬಳಸಿದ್ದು ಅದನ್ನೇ. ನಿಧಾನದ ಕೆಲಸ, ಆದರೆ ಕೂದಲಿನ ಬಣ್ಣ ಅದಕ್ಕೆ ಲೆಕ್ಕವಿಲ್ಲ. ಕೆನ್ನೆಯ ಮೇಲಿನ ನವಿರಾದ ನುಣುಪು ಕೂದಲಿಗೂ ಲೇಸರ್ ಬೇಡವೆಂದೇ ನನ್ನ ಅಭಿಪ್ರಾಯ. ಕೆಲವರಲ್ಲಿ, ಅದರಲ್ಲಿಯೂ ನಮ್ಮಂಥ ಏಷ್ಯದ ಹೆಂಗಸರ ಮುಖ ಕತ್ತುಗಳಲ್ಲಿ, ಅರೆಬರೆ ಕಾವು ತಾಗಿ ಅದು ಇದ್ದುದಕ್ಕಿಂತ ದಪ್ಪವಾಗಿ ಬೆಳೆದದ್ದುಂಟು. ಬಸುರಿಯರು ಹೆರಿಗೆಯಾಗುವವರೆಗೆ ತಡೆಯಲಿ. ಮೊಡವೆಗೆ ಮಾತ್ರೆ ನುಂಗುತ್ತಿರುವವರು ಮಾತ್ರೆಯ ಹೆಸರನ್ನು ಮೊದಲೇ ಹೇಳಲಿ. ಹಚ್ಚೆಯ ಮೇಲೆ ಬೆಳಕು ಬಿಡಿಸಬಾರದು. ಅದರ ಬಣ್ಣವೂ ಕಾದು ಸುಡುತ್ತದೆ.

ಬಾರಾಮತಿಯಲ್ಲಿ ೨೦೧೯ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಮೊದಲು ಅಲ್ಲಿ ಚೀಟಿ ಮಾಡಿಸಿ ಚರ್ಮದ ವೈದ್ಯರಿಗೆ ತೋರಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಅನಂತರ ಎಲ್ಲಿಯಾದರೂ ಮಾಡಿಸುವುದಾದರೆ ಬಾಗಿಲಲ್ಲಿಯೇ ಕೇಳಿರಿ: ಯಂತ್ರ ಯಾವುದು, ಹಿಡಿಯುವವರು ಯಾರು, ಮೇಲೆ ನೋಡಿಕೊಳ್ಳುವ ಚರ್ಮವೈದ್ಯರುಂಟೇ? ಕಿವಿಯ ಮುಂದೆ ಕಾಸಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸಿ ಕೆಲವು ದಿನ ಕಾಯಿರಿ. ಕಣ್ಣಿಗೆ ಕಪ್ಪು ಕನ್ನಡಕ ಕೊಡದ ಕಡೆ ಕೂಡಲೇಬೇಡಿರಿ. ಎಂಟು ಸಲದ ಹಣವನ್ನು ಮೊದಲ ದಿನವೇ ಕೇಳಿದರೆ, ಎರಡು ಸಲ ನೋಡಿ ಕೊಡುತ್ತೇನೆ ಎನ್ನಿರಿ. ಬೆಳಕು ಬಿಟ್ಟ ಮೇಲೆ ಒಂದೆರಡು ದಿನ ಸ್ವಲ್ಪ ಕೆಂಪು, ಊತ ಇರುವುದು ಸಹಜ. ಸುಟ್ಟ ಕೂದಲು ಎರಡು ಮೂರು ವಾರಗಳಲ್ಲಿ ತಾನಾಗಿ ಉದುರುತ್ತದೆ. ಬೆಳೆಯುತ್ತಿದೆಯೆಂದು ಗಾಬರಿಯಾಗಿ ಕೀಳಬೇಡಿರಿ. ಗುಳ್ಳೆಯೆದ್ದರೆ ಮಾತ್ರ ಅರಿಶಿನ, ಸುಣ್ಣ ಏನನ್ನೂ ಹಚ್ಚದೆ ವೈದ್ಯರಲ್ಲಿಗೆ ಹೋಗಿರಿ.

ಪ್ರಶ್ನೆಗಳಿದ್ದರೆ ಕೇಳಬಹುದು. ಸಭೆಯಲ್ಲಿ ಕೇಳಲು ಸಂಕೋಚವೆನಿಸುವ ತಾಯಂದಿರು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಲಿ, ಹೆಸರು ಬೇಕಿಲ್ಲ.