ಜಿಡ್ಡಿನ ಪರೀಕ್ಷೆಯಲ್ಲಿ ಸುರಕ್ಷತೆ

(ಕಮಲಾಪುರದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಮೇವು, ಲಸಿಕೆ, ಕೆಚ್ಚಲು ಬಾವುಗಳ ಬಗ್ಗೆ ನಾವು ಆಗಾಗ ಮಾತಾಡುತ್ತೇವೆ. ಇಂದು ನಿಮ್ಮ ಹಾಲಿನ ಬೆಲೆ ನಿರ್ಧಾರವಾಗುವ ಪರೀಕ್ಷೆಯ ಮೇಜಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

ಈಗ ಅನೇಕ ಸಂಘಗಳಿಗೆ ವಿದ್ಯುತ್ ಪರೀಕ್ಷಾ ಯಂತ್ರ ಬಂದಿದೆ. ಆದರೂ ಯಂತ್ರದ ಅಳತೆ ಸರಿಯೇ ಎಂದು ನೋಡಲು ಗರ್ಬರ್ ವಿಧಾನವನ್ನು ಬಳಸುತ್ತಾರೆ. ಇದರಲ್ಲಿ ಬ್ಯೂಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ, ಆದರೆ ಆಮ್ಲ ಮತ್ತು ಹಾಲು ಕೂಡಿದೊಡನೆ ಕೊಳವೆ ಬರಿಗೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಅಪಾಯ ಇರುವುದು ಇಲ್ಲಿಯೇ.

ಪರೀಕ್ಷಕರು ಗಮನಿಸಬೇಕಾದ ಅಂಶಗಳು:

1. ಆಮ್ಲವನ್ನು ಬಾಯಿಂದ ಎಳೆಯಬಾರದು. ಅಳತೆಯ ಸಾಧನವನ್ನೇ ಬಳಸಬೇಕು. ಕನ್ನಡಕ, ರಬ್ಬರ್ ಕೈಗವಸು ಇರಲಿ.

2. ಮೊದಲು ಆಮ್ಲ, ನಂತರ ಹಾಲನ್ನು ಕೊಳವೆಯ ಗೋಡೆಗುಂಟ ನಿಧಾನವಾಗಿ ಬಿಡಬೇಕು. ರಭಸದಿಂದ ಸುರಿದರೆ ಕುದಿದು ಚಿಮ್ಮುತ್ತದೆ.

3. ಬಿರಡೆ ಬಿಗಿದು, ದಪ್ಪ ಬಟ್ಟೆಯಲ್ಲಿ ಸುತ್ತಿ ಅಲುಗಾಡಿಸಬೇಕು. ಬಿರಡೆಯ ತುದಿ ಯಾರ ಮುಖದ ಕಡೆಗೂ ಇರಬಾರದು.

4. ತಿರುಗು ಯಂತ್ರದಲ್ಲಿ ಕೊಳವೆಗಳನ್ನು ಎದುರುಬದುರಾಗಿ ಜೋಡಿಸಿ, ಮುಚ್ಚಳ ಹಾಕಿಯೇ ತಿರುಗಿಸಬೇಕು. ಕೈಯಿಂದ ತಡೆದು ನಿಲ್ಲಿಸಬಾರದು.

5. 65 ಡಿಗ್ರಿ ಬಿಸಿನೀರಿನಿಂದ ತೆಗೆದ ಕೊಳವೆಯನ್ನು ತಣ್ಣನೆಯ ಕಲ್ಲಿನ ಮೇಲೆ ಇಡಬಾರದು, ಗಾಜು ಸೀಳುತ್ತದೆ.

6. ಅಮೈಲ್ ಆಲ್ಕೋಹಾಲಿಗೆ ಬೆಂಕಿ ತಗಲುತ್ತದೆ. ನಮ್ಮ ಕಲಬುರಗಿಯ ಬೇಸಿಗೆಯಲ್ಲಂತೂ ಸ್ಟೌ, ಬೀಡಿ ದೂರವಿರಲಿ.

ಸದಸ್ಯರಾದ ನಿಮ್ಮ ಕೆಲಸವೂ ಇದೆ. ಫ್ಯಾಟ್ ಎಷ್ಟು ಬಂತೆಂದು ನೋಡುವ ಹಕ್ಕು ನಿಮ್ಮದು. ಆದರೆ ಓದುವ ಹೊತ್ತಿಗೆ ನೋಡಿರಿ, ಬೆರೆಸುವಾಗ ಮೇಜಿಗೆ ಮುತ್ತಬೇಡಿ. "ಬೇಗ ಮಾಡಪ್ಪಾ" ಎಂದು ಅವಸರಪಡಿಸಬೇಡಿ. ಕ್ಯಾನು ಹಿಡಿದು ಬರುವ ಮಕ್ಕಳನ್ನು ಹೊರಗೇ ನಿಲ್ಲಿಸಿರಿ. ಆಮ್ಲದ ಖಾಲಿ ಡಬ್ಬಿ ಮನೆಗೆ ಬೇಡ. ಪರೀಕ್ಷೆ ಮುಗಿದ ಆಮ್ಲ ದನ ನೀರು ಕುಡಿಯುವ ಕಡೆ ಹರಿಯದಂತೆ ಎಚ್ಚರ ವಹಿಸಿರಿ.

ಆಕಸ್ಮಾತ್ ಮೈಮೇಲೆ ಬಿದ್ದರೆ ಬಟ್ಟೆ, ಉಂಗುರ, ಬಳೆ ತೆಗೆದು, ಧಾರಾಳ ನೀರನ್ನು ಅರ್ಧ ಗಂಟೆ ಸುರಿಯುತ್ತಲೇ ಇರಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ತೊಳೆಯಬೇಕು. ತುಪ್ಪ, ಅರಿಶಿನ, ಸುಣ್ಣ ಹಚ್ಚಲೇಬಾರದು. ನೀರು ಸುರಿಯುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಫೋನ್ ಮಾಡಲಿ. ಕಮಲಾಪುರದಿಂದ ಕಲಬುರಗಿಯ ದೊಡ್ಡಾಸ್ಪತ್ರೆ ದೂರ. ನೀರಿನ ಕೊಡ ಹತ್ತಿರ. ಕಣ್ಣು ಉಳಿಯುವುದೋ ಹೋಗುವುದೋ ಆ ಮೊದಲ ಕೆಲವು ನಿಮಿಷಗಳಲ್ಲಿಯೇ ತೀರ್ಮಾನವಾಗಬಹುದು.

ಆದ್ದರಿಂದ ಪ್ರತಿ ಸಂಘದಲ್ಲೂ ಪರೀಕ್ಷೆಯ ಮೇಜಿನ ಪಕ್ಕದಲ್ಲಿ ತುಂಬಿದ ನೀರಿನ ಡ್ರಮ್ ಮತ್ತು ಒಂದು ಚೊಂಬು ಸದಾ ಇರಲಿ. ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರನ್ನು ಇದೊಂದನ್ನು ತಪ್ಪದೆ ಕೇಳಿರಿ.